ಕಾಡು ಕಡಿದವರು ಯಾರು? ಆಕಾಶದ ಸಾಕ್ಷ್ಯದ ಐದು ದಶಕಗಳು

ಕಾಡು ನಾಶವಾಗುತ್ತಿದೆ ಎಂಬ ಕೊರಗು ಹೊಸದಲ್ಲ. ಆದರೆ ಅದನ್ನು ನಾಶಮಾಡುತ್ತಿರುವವರು ಯಾರು ಎಂಬ ಪ್ರಶ್ನೆಗೆ ಬಹುಕಾಲ ಉತ್ತರ ಹೇಳಿದವರು ಅಧಿಕಾರದಲ್ಲಿದ್ದವರು. ಆರೋಪವು ಬಿದ್ದದ್ದು ಹೆಚ್ಚಾಗಿ ಎದುರುತ್ತರ ಕೊಡಲಾರದ ಬಡವರ ಮೇಲೆ. ನಮ್ಮ ನಾಡಿನ ಇತಿಹಾಸದಲ್ಲಿಯೇ ಇದಕ್ಕೆ ನಿದರ್ಶನವಿದೆ. 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡ ಹ್ಯೂ ಕ್ಲೆಗ್‌ಹಾರ್ನ್ ಅವರು, ಕೆನರಾ ಸೀಮೆಯ ಘಟ್ಟದ ಕಾಡುಗಳಲ್ಲಿ ಬಡಜನರು ಮಾಡುತ್ತಿದ್ದ ಕುಮರಿ ಬೇಸಾಯವನ್ನು ಅರಣ್ಯಕ್ಕೆ ಒದಗಿದ ದೊಡ್ಡ ಕೇಡೆಂದು ಬಗೆದರು. ಮುಂದೆ ಕುಮರಿಯ ಮೇಲೆ ಕಟ್ಟುನಿಟ್ಟಿನ ನಿರ್ಬಂಧಗಳು ಬಂದವು. ಅದೇ ದಶಕಗಳಲ್ಲಿ ರೈಲುಹಳಿಗಳ ಕೆಳಗೆ ಹಾಸುವ ಸ್ಲೀಪರುಗಳಿಗಾಗಿ, ಹಡಗುಗಳಿಗಾಗಿ ದಕ್ಷಿಣ ಭಾರತದ ಹೆಮ್ಮರಗಳು ಉರುಳುತ್ತಲೇ ಇದ್ದವು. ಯಾರ ಕೊಡಲಿಗೆ ಎಷ್ಟು ಕಾಡು ಬಲಿಯಾಯಿತು ಎಂದು ತೂಗಿ ನೋಡುವ ನಿಷ್ಪಕ್ಷಪಾತವಾದ ತಕ್ಕಡಿ ಆಗ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಜಗತ್ತಿನ ಸ್ಥಿತಿ ಬಹುಮಟ್ಟಿಗೆ ಹೀಗೆಯೇ ಇತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1948ರಲ್ಲಿ ಜಗತ್ತಿನ ಅರಣ್ಯಗಳ ಮೊದಲ ಲೆಕ್ಕವನ್ನು ಪ್ರಕಟಿಸಿತು. ಅದಕ್ಕೆ ಆಧಾರವಾದುದು ಆಯಾ ದೇಶದ ಸರ್ಕಾರಗಳು ಕಳುಹಿಸಿದ ಕಡತಗಳು. ಕಡತದಲ್ಲಿ ಅರಣ್ಯವೆಂದು ಬರೆದಿದ್ದರೆ, ನೆಲದಲ್ಲಿ ಒಂದು ಮರ ಇಲ್ಲದಿದ್ದರೂ ಅದು ಅರಣ್ಯವೇ. ಈ ಅಂದಾಜುಗಳ ಕಾಲ ಕೊನೆಗಾಣಲು ಮನುಷ್ಯನು ಭೂಮಿಯನ್ನು ಹೊರಗಿನಿಂದ ನೋಡಬೇಕಾಯಿತು.

ಹಸಿರನ್ನು ಅಳೆಯುವ ಕಣ್ಣು

1972ರ ಜುಲೈ 23ರಂದು ಅಮೆರಿಕವು ಹಾರಿಸಿದ ಉಪಗ್ರಹವೊಂದು, ಮುಂದೆ ಲ್ಯಾಂಡ್‌ಸ್ಯಾಟ್-1 ಎಂದು ಹೆಸರಾಯಿತು. ಸುಮಾರು 900 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದ್ದ ಅದು 18 ದಿನಗಳಿಗೊಮ್ಮೆ ಭೂಮಿಯ ಅದೇ ಸ್ಥಳದ ಮೇಲೆ ಮರಳಿ ಬರುತ್ತಿತ್ತು. ಅದರ ಚಿತ್ರದ ಒಂದೊಂದು ಚುಕ್ಕಿಯೂ ನೆಲದ ಮೇಲೆ ಸುಮಾರು 80 ಮೀಟರ್ ಅಗಲದ ಒಂದು ತುಂಡನ್ನು ಪ್ರತಿನಿಧಿಸುತ್ತಿತ್ತು. 1982ರ ನಂತರದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳಲ್ಲಿ ಆ ಚುಕ್ಕಿ 30 ಮೀಟರಿಗೆ ಇಳಿಯಿತು.

ಇದರ ಹಿಂದಿನ ತತ್ತ್ವ ಸರಳವಾದುದು. ಹಸಿರೆಲೆ ತನ್ನ ಆಹಾರ ತಯಾರಿಕೆಗಾಗಿ ಸೂರ್ಯನ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಆದರೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳನ್ನು ಬಹುಪಾಲು ಹಿಂದಕ್ಕೆ ಚೆಲ್ಲುತ್ತದೆ. ಬರಿಯ ಮಣ್ಣು ಹಾಗೆ ಮಾಡುವುದಿಲ್ಲ. ಈ ಎರಡು ಬಗೆಯ ಬೆಳಕನ್ನು ಬೇರೆಬೇರೆಯಾಗಿ ಅಳೆದರೆ ಎಲ್ಲಿ ಗಿಡಮರಗಳಿವೆ, ಎಲ್ಲಿ ಇಲ್ಲ ಎಂಬುದು ತಿಳಿಯುತ್ತದೆ. ಒಂದೇ ಸ್ಥಳದ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದರೆ ಕಾಡು ಎಲ್ಲಿ, ಯಾವಾಗ, ಎಷ್ಟು ಹೋಯಿತು ಎಂಬುದೂ ತಿಳಿಯುತ್ತದೆ. ಏಕೆ ಹೋಯಿತು ಎಂಬುದು ಮಾತ್ರ ಅಷ್ಟು ಸುಲಭವಾಗಿ ತಿಳಿಯಲಿಲ್ಲ. ಆ ‘ಏಕೆ’ಯ ಹುಡುಕಾಟದ ಮುಖ್ಯ ಅಧ್ಯಾಯಗಳು ನಡೆದದ್ದು ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನಲ್ಲಿ.

ಮೀನಿನ ಮುಳ್ಳಿನಂತಹ ಗುರುತು

1970ರ ದಶಕದಲ್ಲಿ ಬ್ರೆಜಿಲ್ ದೇಶವನ್ನಾಳುತ್ತಿದ್ದ ಸೇನಾ ಸರ್ಕಾರವು ಅಮೆಜಾನನ್ನು ಜನರಿಲ್ಲದ ಭೂಮಿಯೆಂದು ಸಾರಿ, ಭೂಮಿಯಿಲ್ಲದ ಬಡವರನ್ನು ಅಲ್ಲಿಗೆ ಕರೆಯಿತು. ಆ ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದ ಮೂಲನಿವಾಸಿಗಳು ಆ ಲೆಕ್ಕದಲ್ಲಿ ಸೇರಿರಲಿಲ್ಲ. ಕಾಡಿನ ನಡುವೆ ಹೆದ್ದಾರಿಗಳು ಹಾದುಹೋದವು. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ರೊಂಡೋನಿಯಾ ರಾಜ್ಯದ ಬಿಆರ್-364 ಹೆದ್ದಾರಿಗೆ 1984ರಲ್ಲಿ ಡಾಂಬರು ಹಾಕುವ ಕೆಲಸ ಮುಗಿಯಿತು. ಆ ಪ್ರದೇಶದ ಉಪಗ್ರಹ ಚಿತ್ರಗಳು ಜಗತ್ತನ್ನು ಬೆಚ್ಚಿಬೀಳಿಸಿದವು. ನಡುವೆ ಬೆನ್ನೆಲುಬಿನಂತೆ ಹೆದ್ದಾರಿ, ಅದಕ್ಕೆ ಅಡ್ಡಲಾಗಿ ಸಮಾನ ಅಂತರದಲ್ಲಿ ಕವಲು ರಸ್ತೆಗಳು, ಪ್ರತಿ ಕವಲಿನ ಎರಡೂ ಬದಿಗೆ ಬೋಳಾದ ನೆಲ. ಇಡೀ ನೋಟ ತಿಂದು ಬಿಟ್ಟ ಮೀನಿನ ಮುಳ್ಳಿನಂತೆ ಕಾಣುತ್ತಿತ್ತು. ಕಾಡು ತಾನಾಗಿ ಕರಗಿದ್ದಲ್ಲ, ಸರ್ಕಾರದ ಯೋಜನೆಯೊಂದರ ನಕ್ಷೆಯಂತೆಯೇ ಕರಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

1988ರಲ್ಲಿ ಬ್ರೆಜಿಲ್‌ನ ರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ‘ಇನ್ಪೆ’, ಪ್ರತಿವರ್ಷ ಅಮೆಜಾನಿನ ನಷ್ಟವನ್ನು ಅಳೆಯುವ ‘ಪ್ರೋಡೆಸ್’ ಕಾರ್ಯಕ್ರಮವನ್ನು ಆರಂಭಿಸಿತು. ಅದೇ ವರ್ಷದ ಡಿಸೆಂಬರ್ 22ರಂದು, ಕಾಡನ್ನು ಉಳಿಸಲು ಹೋರಾಡುತ್ತಿದ್ದ ರಬ್ಬರ್ ಟ್ಯಾಪಿಂಗ್ ಕಾರ್ಮಿಕರ ನಾಯಕ ಚೀಕೊ ಮೆಂಡೆಸ್ ಅವರನ್ನು ಷಾಪುರಿ ಎಂಬ ಊರಿನ ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ದನ ಸಾಕಣೆಯ ಭೂಮಾಲೀಕನೊಬ್ಬನಿಗೂ ಅವನ ಮಗನಿಗೂ 1990ರಲ್ಲಿ ಶಿಕ್ಷೆಯಾಯಿತು. ಆಕಾಶದಿಂದ ಅಳೆಯುವ ಕೆಲಸವೂ ನೆಲದ ಮೇಲಿನ ಬಲಿದಾನವೂ ಒಂದೇ ವರ್ಷದ ಘಟನೆಗಳಾಗಿರುವುದು ಗಮನಾರ್ಹ.

ಉಪಗ್ರಹದ ಲೆಕ್ಕ ಯಾರ ಪಕ್ಷವನ್ನೂ ವಹಿಸಲಿಲ್ಲ. ಅಮೆರಿಕದ ವಿಜ್ಞಾನಿಗಳಾದ ಡೇವಿಡ್ ಸ್ಕೋಲ್ ಮತ್ತು ಕಾಂಪ್ಟನ್ ಟಕರ್ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬ್ರೆಜಿಲ್‌ನ ಅಮೆಜಾನಿನಲ್ಲಿ 1978ರ ಹೊತ್ತಿಗೆ ಬೋಳಾಗಿದ್ದುದು ಸುಮಾರು 78,000 ಚದರ ಕಿಲೋಮೀಟರ್. 1988ರ ಹೊತ್ತಿಗೆ ಅದು ಸುಮಾರು 2,30,000 ಚದರ ಕಿಲೋಮೀಟರ್. ಆಗ ಪ್ರಚಾರದಲ್ಲಿದ್ದ ಕೆಲವು ಅಂದಾಜುಗಳಿಗಿಂತ ಇದು ಕಡಿಮೆ. ಆದರೆ ಬೋಳುನೆಲದ ಅಂಚಿನಲ್ಲಿ ಗಾಳಿ ಬಿಸಿಲಿಗೆ ಒಡ್ಡಿಕೊಂಡು ಸೊರಗುವ ಕಾಡನ್ನೂ ತುಂಡುತುಂಡಾಗಿ ಒಂಟಿಯಾದ ಕಾಡನ್ನೂ ಸೇರಿಸಿದರೆ, ಹಾನಿ ಅದರ ಎರಡು ಪಟ್ಟಿಗಿಂತಲೂ ಹೆಚ್ಚು ಎಂದು ಅವರು ತೋರಿಸಿದರು. ಉತ್ಪ್ರೇಕ್ಷೆ, ಉದಾಸೀನ ಎರಡನ್ನೂ ಅಳತೆ ತಿದ್ದಿತು.

‘ಎಲ್ಲಿ’ಯಿಂದ ‘ಏಕೆ’ಯ ಕಡೆಗೆ

ಚಿತ್ರದಲ್ಲಿ ಮರ ಹೋದದ್ದು ಕಾಣುತ್ತದೆ, ಮರ ಕಡಿಸಿದವನ ಮುಖ ಕಾಣುವುದಿಲ್ಲ. ಆದುದರಿಂದ ವಿಜ್ಞಾನಿಗಳು ಪತ್ತೇದಾರರಂತೆ ಸುಳಿವುಗಳನ್ನು ಹುಡುಕಬೇಕಾಯಿತು.

ಮೊದಲನೆಯ ಸುಳಿವು ಬೋಳಾದ ನೆಲದ ಆಕಾರ. ಹಳ್ಳಿಯ ಸುತ್ತ ಒಂದೆರಡು ಎಕರೆಗಳ ಅಂಕುಡೊಂಕಿನ ತುಂಡುಗಳಿದ್ದರೆ ಅದು ಬಡ ರೈತನ ಕೈಗೆಲಸ. ನೂರಾರು ಹೆಕ್ಟೇರುಗಳಷ್ಟು ನೆಲ ಗೆರೆ ಎಳೆದಂತೆ ಬೋಳಾಗಿದ್ದರೆ ಅದು ಬುಲ್ಡೋಜರು ಮತ್ತು ಬಂಡವಾಳವಿರುವವರ ಕೆಲಸ. ಎರಡನೆಯ ಸುಳಿವು ಕಡಿದ ಮೇಲೆ ಅಲ್ಲಿ ಏನಾಯಿತು ಎಂಬುದು. ಕೆಲವೇ ವರ್ಷಗಳಲ್ಲಿ ಪೊದೆ, ಮರಿಗಾಡು ಮರಳಿ ಬಂದರೆ ಅದು ಕುಮರಿಯಂತಹ ಸರದಿ ಬೇಸಾಯ. ಹುಲ್ಲೇ ಉಳಿದರೆ ದನಗಳ ಮೇವುಗಾವಲು. ಋತುವಿಗೆ ತಕ್ಕಂತೆ ಹಸಿರಾಗಿ ಹಳದಿಯಾಗಿ ಮತ್ತೆ ಬಯಲಾದರೆ ಅದು ಬಿತ್ತಿ ಕೊಯ್ಯುವ ಹೊಲ. ಮೂರನೆಯ ಸುಳಿವು ನೆಲದ ಮೇಲಿನ ದಾಖಲೆಗಳು. ಚಿತ್ರದ ಮೇಲೆ ರಸ್ತೆಗಳ ನಕ್ಷೆ, ಜಮೀನಿನ ಒಡೆತನ, ಬ್ಯಾಂಕ್ ಸಾಲ, ಮಾರುಕಟ್ಟೆಯ ಧಾರಣೆ ಇವನ್ನೆಲ್ಲ ಹೊಂದಿಸಿ ನೋಡಿದಾಗ ಕಾರಣ ಹೊರಬರುತ್ತದೆ.

ಡಗ್ಲಸ್ ಮಾರ್ಟನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಬ್ರೆಜಿಲ್‌ನ ಮಾತೊ ಗ್ರೊಸೊ ರಾಜ್ಯದಲ್ಲಿ 2001ರಿಂದ 2004ರವರೆಗೆ 5,400 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ನೇರವಾಗಿ ಹೊಲವಾಗಿ ಮಾರ್ಪಟ್ಟಿತ್ತು. ಹೊಲಕ್ಕಾಗಿ ಕಡಿದ ತುಂಡುಗಳು ಮೇವುಗಾವಲಿಗಾಗಿ ಕಡಿದವುಗಳಿಗಿಂತ ಸರಾಸರಿ ಎರಡು ಪಟ್ಟಿಗೂ ದೊಡ್ಡವು. ಎಲ್ಲಕ್ಕಿಂತ ಮುಖ್ಯವಾಗಿ, ಸೋಯಾ ಅವರೆಯ ಬೆಲೆ ಏರಿದ ವರ್ಷ ಅದಕ್ಕಾಗಿ ಕಡಿಯುವ ಕಾಡಿನ ಪ್ರಮಾಣವೂ ಏರುತ್ತಿತ್ತು. ಆ ಸೋಯಾದ ಬಹುಭಾಗ ದೂರದೇಶಗಳ ಕೋಳಿ, ಹಂದಿ, ದನಗಳ ಮೇವಾಗುತ್ತಿತ್ತು. ಕಾಡಿನಲ್ಲಿ ಕೊಡಲಿ ಬಿದ್ದ ಸದ್ದಿಗೆ ಕಾರಣ ಸಾವಿರಾರು ಮೈಲಿ ದೂರದ ಊಟದ ಮೇಜಿನಲ್ಲಿತ್ತು.

ತಿಳಿವಳಿಕೆ ಕೆಲಸಕ್ಕೆ ಬಂದಾಗ

2004ರಲ್ಲಿ ಬ್ರೆಜಿಲ್‌ನ ಅಮೆಜಾನ್ ಒಂದೇ ವರ್ಷದಲ್ಲಿ ಸುಮಾರು 27,800 ಚದರ ಕಿಲೋಮೀಟರ್ ಕಾಡನ್ನು ಕಳೆದುಕೊಂಡಿತು. ನಮ್ಮ ಕರ್ನಾಟಕದ ಏಳನೆಯ ಒಂದು ಭಾಗದಷ್ಟು ನೆಲವೆಂದರೆ ಅದರ ಗಾತ್ರ ಅರಿವಾದೀತು. ಆಗ ಪರಿಸರ ಸಚಿವೆಯಾಗಿದ್ದವರು ಮರೀನಾ ಸಿಲ್ವಾ. ರಬ್ಬರ್ ಕಾರ್ಮಿಕರ ಕುಟುಂಬದಲ್ಲಿ ಹುಟ್ಟಿ, ಹದಿನಾರರ ಹರೆಯದವರೆಗೂ ಅಕ್ಷರ ಕಲಿಯದೆ ಬೆಳೆದು, ಚೀಕೊ ಮೆಂಡೆಸರ ಜೊತೆ ಹೋರಾಟಕ್ಕಿಳಿದಿದ್ದ ಮಹಿಳೆ. ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯ ಭಾಗವಾಗಿ ‘ಡೆಟೆರ್’ ಎಂಬ ಎಚ್ಚರಿಕೆಯ ವ್ಯವಸ್ಥೆ ಬಂತು. ವರ್ಷ ಕಳೆದ ಮೇಲೆ ಲೆಕ್ಕ ಬರೆಯುವ ಬದಲು, ಕಡಿತ ನಡೆಯುತ್ತಿರುವಾಗಲೇ ಉಪಗ್ರಹದ ಸುದ್ದಿ ಅರಣ್ಯ ಜಾರಿ ಅಧಿಕಾರಿಗಳನ್ನು ಮುಟ್ಟತೊಡಗಿತು.

ನೆಲದ ಮೇಲೆ ಅದರ ಬೆಲೆ ತೆತ್ತವರೂ ಇದ್ದರು. ಪಾರಾ ರಾಜ್ಯದ ಅನಾಪು ಪ್ರದೇಶದಲ್ಲಿ ಕಾಡನ್ನು ಕೆಡಿಸದೆ ಬದುಕುವ ಬಡ ರೈತರ ನೆಲೆಯೊಂದನ್ನು ಕಟ್ಟಲು ನೆರವಾಗಿದ್ದವರು ಧರ್ಮಭಗಿನಿ ಡೊರೊಥಿ ಸ್ಟ್ಯಾಂಗ್. ಅಮೆರಿಕದಲ್ಲಿ ಹುಟ್ಟಿ, 1966ರಿಂದ ಬ್ರೆಜಿಲ್‌ನ ಬಡವರ ನಡುವೆ ಬಾಳಿದ ಆಕೆಯನ್ನು 2005ರ ಫೆಬ್ರವರಿ 12ರಂದು ಕಾಡಿನ ಹಾದಿಯಲ್ಲಿ ಬಾಡಿಗೆ ಹಂತಕರು ಗುಂಡಿಟ್ಟು ಕೊಂದರು. ಆಗ ಆಕೆಗೆ 73 ವರ್ಷ. ಹಂತಕರ ಹಿಂದೆ ಭೂಮಾಲೀಕರಿದ್ದರೆಂದು ನ್ಯಾಯಾಲಯದಲ್ಲಿ ಸಾಬೀತಾಯಿತು. ಆ ಸಾವಿನ ಬೆನ್ನಿಗೆ ಸರ್ಕಾರ ಆ ಪ್ರದೇಶಕ್ಕೆ ಸೈನಿಕರನ್ನು ಕಳುಹಿಸಿ ಹೊಸ ಸಂರಕ್ಷಿತ ಪ್ರದೇಶಗಳನ್ನು ಘೋಷಿಸಿತು. ಉಪಗ್ರಹಕ್ಕೆ ಕಾಣದ ಹೆಸರುಗಳನ್ನು ಬಲ್ಲವರಾಗಿದ್ದರು ಸಿಸ್ಟರ್ ಡೊರೊಥಿ. ಯಾವ ಜಮೀನಿಗೆ ಯಾರು ಸುಳ್ಳು ಕಾಗದ ಮಾಡಿಸಿದ್ದಾರೆ, ಯಾರ ಗುಡಿಸಲಿಗೆ ಬೆಂಕಿಯಿಟ್ಟಿದ್ದಾರೆ ಎಂಬ ಸತ್ಯಗಳು ಅಂತಹ ಜನರಿಂದಲೇ ಹೊರಬರಬೇಕು.

2006ರ ಜುಲೈಯಲ್ಲಿ ದೊಡ್ಡ ಸೋಯಾ ವ್ಯಾಪಾರ ಸಂಸ್ಥೆಗಳು, ಅಮೆಜಾನಿನಲ್ಲಿ ಹೊಸದಾಗಿ ಕಾಡು ಕಡಿದ ಜಮೀನಿನ ಬೆಳೆಯನ್ನು ಕೊಳ್ಳುವುದಿಲ್ಲವೆಂದು ಒಪ್ಪಿಕೊಂಡವು. ಯಾವ ಜಮೀನು ಹೊಸದು, ಯಾವುದು ಹಳೆಯದು ಎಂದು ಹೇಳಿದ್ದು ಉಪಗ್ರಹ. 2008ರಲ್ಲಿ ಸರ್ಕಾರವು ಅತಿಹೆಚ್ಚು ಕಾಡು ಕಡಿದ 36 ಸ್ಥಳೀಯ ಆಡಳಿತ ಪ್ರದೇಶಗಳ ಪಟ್ಟಿ ಪ್ರಕಟಿಸಿತು. ಪರಿಸರ ಕಾನೂನು ಪಾಲಿಸದವರಿಗೆ ಬ್ಯಾಂಕಿನ ಕೃಷಿ ಸಾಲ ಸಿಗದಂತಾಯಿತು. ಇವೆಲ್ಲದರ ಫಲವಾಗಿ 2012ರಲ್ಲಿ ವರ್ಷದ ನಷ್ಟ ಸುಮಾರು 4,600 ಚದರ ಕಿಲೋಮೀಟರಿಗೆ ಇಳಿಯಿತು. ಎಂಟು ವರ್ಷಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚಿನ ಇಳಿಕೆ. ಕಾರಣ ಸರಿಯಾಗಿ ತಿಳಿದರೆ ಪರಿಹಾರವೂ ಸಾಧ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ.

ಇಡೀ ಜಗತ್ತಿನ ಲೆಕ್ಕ

ಬ್ರೆಜಿಲ್ ಮಾಡಿದುದನ್ನು ಇಡೀ ಜಗತ್ತಿಗೆ ವಿಸ್ತರಿಸಲು ಒಂದು ಅಡ್ಡಿಯಿತ್ತು. ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಹಣ ಕೊಟ್ಟು ಕೊಳ್ಳಬೇಕಾಗಿತ್ತು. 2008ರಲ್ಲಿ ಅಮೆರಿಕವು ಸಂಗ್ರಹದಲ್ಲಿದ್ದ ಚಿತ್ರಗಳನ್ನೆಲ್ಲ ಉಚಿತವಾಗಿ ತೆರೆದಿಟ್ಟಿತು. ಐದು ವರ್ಷಗಳಲ್ಲಿ, 2013ರಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸೆನ್ ಮತ್ತು ಸಂಗಡಿಗರು ಆರೂವರೆ ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿ, ಇಡೀ ಭೂಮಿಯ ಅರಣ್ಯ ಬದಲಾವಣೆಯ ನಕ್ಷೆಯನ್ನು ಪ್ರಕಟಿಸಿದರು. 2000ದಿಂದ 2012ರವರೆಗೆ ಜಗತ್ತು 23 ಲಕ್ಷ ಚದರ ಕಿಲೋಮೀಟರ್ ಮರಗಾಡನ್ನು ಕಳೆದುಕೊಂಡಿತ್ತು. ಅದು ಭಾರತದ ವಿಸ್ತೀರ್ಣದ ಹತ್ತರಲ್ಲಿ ಏಳು ಭಾಗದಷ್ಟು. ಮರಳಿ ಬೆಳೆದದ್ದು 8 ಲಕ್ಷ ಚದರ ಕಿಲೋಮೀಟರ್ ಮಾತ್ರ.

ಆದರೆ ಈ ನಕ್ಷೆಯಲ್ಲಿ ಎಲ್ಲ ನಷ್ಟವೂ ಒಂದೇ ಬಣ್ಣದ್ದು. ಮತ್ತೆ ಬೆಳೆಯುವಂತೆ ಕಡಿದ ನೆಡುತೋಪೂ, ಎಂದೆಂದಿಗೂ ಹೋದ ಹಳೆಯ ಕಾಡೂ ಅದರಲ್ಲಿ ಸಮಾನ. ಇವನ್ನು ಬೇರ್ಪಡಿಸುವ ಪ್ರಯತ್ನವನ್ನು ಫಿಲಿಪ್ ಕರ್ಟಿಸ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಅವರು ಕಂಡ ಪ್ರಕಾರ, 2001ರಿಂದ 2015ರವರೆಗಿನ ನಷ್ಟದಲ್ಲಿ ನೂರಕ್ಕೆ 27 ಭಾಗ ಮಾರುಕಟ್ಟೆಯ ಸರಕುಗಳಿಗಾಗಿ ಶಾಶ್ವತವಾಗಿ ಕಳೆದುಹೋದ ಕಾಡು. 26 ಭಾಗ ಮರಮುಟ್ಟಿನ ಉದ್ಯಮ, 24 ಭಾಗ ಸರದಿ ಬೇಸಾಯ, 23 ಭಾಗ ಕಾಡ್ಗಿಚ್ಚು. ನಗರಗಳ ಬೆಳವಣಿಗೆಯ ಪಾಲು ಒಂದು ಭಾಗಕ್ಕಿಂತಲೂ ಕಡಿಮೆ.

ಕಾರಣ ಎಲ್ಲೆಡೆ ಒಂದೇ ಅಲ್ಲ ಎಂಬುದೇ ಈ ಲೆಕ್ಕದ ತಿರುಳು. ಇಂಡೊನೇಷ್ಯಾದಲ್ಲಿ 2001ರಿಂದ 2016ರವರೆಗಿನ ಅರಣ್ಯನಾಶದ ಅತಿದೊಡ್ಡ ಕಾರಣ, ಸುಮಾರು ನಾಲ್ಕನೆಯ ಒಂದು ಭಾಗ, ತಾಳೆ ಎಣ್ಣೆಯ ತೋಟಗಳೆಂದು 2019ರ ಅಧ್ಯಯನವೊಂದು ತೋರಿಸಿತು. ಈ ಎಣ್ಣೆಯನ್ನು ಜಗತ್ತಿನಲ್ಲೇ ಅತಿಹೆಚ್ಚು ಆಮದು ಮಾಡಿಕೊಳ್ಳುವ ದೇಶ ನಮ್ಮದು. ನವಮಂಗಳೂರು ಬಂದರಿಗೂ ಅದರ ಹಡಗುಗಳು ಬರುತ್ತವೆ. ಬೇಕರಿಯ ಬಿಸ್ಕತ್ತಿನಲ್ಲಿ, ಕರಿದ ತಿಂಡಿಯಲ್ಲಿ, ಸ್ನಾನದ ಸಾಬೂನಿನಲ್ಲಿ ಅದು ನಮ್ಮ ಮನೆಗಳನ್ನು ಸೇರುತ್ತದೆ. ಆಫ್ರಿಕದ ಕಾಂಗೊ ಕಣಿವೆಯ ಕಥೆಯೇ ಬೇರೆ. ಅಲ್ಲಿ 2000ದಿಂದ 2014ರವರೆಗೆ ಆದ ನಷ್ಟದಲ್ಲಿ ನೂರಕ್ಕೆ 84 ಭಾಗ ಯಂತ್ರಗಳಿಲ್ಲದ ಸಣ್ಣ ಬೇಸಾಯದಿಂದ ಆದದ್ದು. ಅಲ್ಲಿನ ಬಡವನ ಕೈಯಲ್ಲಿ ಕೊಡಲಿ ಇರುವುದು ನಿಜ. ಆದರೆ ಆತನಿಗೆ ಬೇರೆ ಜೀವನೋಪಾಯವೂ ಒಲೆಗೆ ಬೇರೆ ಉರುವಲೂ ಇಲ್ಲ. ಬ್ರೆಜಿಲ್‌ಗೆ ಒಗ್ಗಿದ ಔಷಧ ಕಾಂಗೊಗೆ ಒಗ್ಗದು. ಒಬ್ಬರಿಗೆ ಬೇಕಾದುದು ಲೋಭಕ್ಕೆ ಕಡಿವಾಣ, ಇನ್ನೊಬ್ಬರಿಗೆ ಬೇಕಾದುದು ಬಡತನದಿಂದ ಬಿಡುಗಡೆ.

ಇತ್ತೀಚಿನ ವರ್ಷಗಳಲ್ಲಿ ಬೆಂಕಿಯ ಪಾಲು ಹೆಚ್ಚುತ್ತಿದೆ. 2024ರಲ್ಲಿ ಉಷ್ಣವಲಯದ ಆದಿಮ ಅರಣ್ಯಗಳಲ್ಲಿ 67 ಲಕ್ಷ ಹೆಕ್ಟೇರುಗಳಷ್ಟು ಕಳೆದುಹೋಯಿತು. ಅದರಲ್ಲಿ ಅರ್ಧಕ್ಕೆ ಸಮೀಪದ ಪಾಲು ಬೆಂಕಿಯದ್ದು. ಬಿಸಿಯಾದ ಹವೆ, ತೀವ್ರ ಬರ ಮತ್ತು ನೆಲ ತೆರವಿಗೆ ಮನುಷ್ಯನಿಟ್ಟ ಕಿಡಿ ಒಂದಾದಾಗ, ಕಡಿಯದ ಕಾಡೂ ಉಳಿಯದು.

ಕಾಡೆಂದರೆ ಯಾವುದು?

ಉಪಗ್ರಹದ ಮಾತನ್ನೂ ವಿವೇಚನೆಯಿಂದ ಕೇಳಬೇಕು. 1980ರ ದಶಕದಲ್ಲಿ ನಮ್ಮ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಪರಿಶೀಲಿಸಿ, ಭಾರತದ ಅರಣ್ಯ ಹೊದಿಕೆ 1972-75ರಲ್ಲಿ ಶೇಕಡ 16.89 ಇದ್ದುದು 1980-82ರಲ್ಲಿ ಶೇಕಡ 14.10ಕ್ಕೆ ಇಳಿದಿದೆಯೆಂದು ವರದಿ ಮಾಡಿತು. ಅರಣ್ಯ ಇಲಾಖೆಗಳು ಇದನ್ನು ಒಪ್ಪಲಿಲ್ಲ. 1987ರಲ್ಲಿ ಭಾರತೀಯ ಅರಣ್ಯ ಸಮೀಕ್ಷೆ ತನ್ನ ಮೊದಲ ವರದಿ ಪ್ರಕಟಿಸಿದಾಗ ಹೊದಿಕೆ ಸುಮಾರು ಶೇಕಡ 19.5 ಎಂದಿತ್ತು. ಇಂದಿನ ನಮ್ಮ ಅಧಿಕೃತ ಲೆಕ್ಕದಲ್ಲಿ, ಒಂದು ಹೆಕ್ಟೇರ್ ನೆಲದ ಹತ್ತನೆಯ ಒಂದು ಭಾಗಕ್ಕೆ ಮರಗಳ ನೆರಳಿದ್ದರೆ ಅದು ಅರಣ್ಯ ಹೊದಿಕೆ, ಒಡೆತನ ಯಾರದೇ ಇರಲಿ. ಹೀಗಾಗಿ ಕೊಡಗಿನ ಕಾಫಿ ತೋಟವೂ ಶೋಲಾ ಕಾಡೂ ಒಂದೇ ಅಂಕಣದಲ್ಲಿ ಕೂಡುತ್ತವೆ. ಶೋಲಾ ಕಾಡು ಹೋಗಿ ತೋಟ ಬಂದರೂ ಮೊತ್ತ ಕುಗ್ಗದಿರಬಹುದು. ಯಂತ್ರ ಅಳೆಯುತ್ತದೆ, ಆದರೆ ಏನನ್ನು ಕಾಡೆಂದು ಕರೆಯಬೇಕೆಂಬ ತೀರ್ಮಾನ ಮನುಷ್ಯನದ್ದು.

ಸಾಕ್ಷಿ ಇದ್ದರೂ ಸಾಲದು

ಅಮೆಜಾನಿನ ಕಥೆ 2012ರ ಯಶಸ್ಸಿನಲ್ಲಿ ಮುಗಿಯಲಿಲ್ಲ. ಕಾನೂನು ಸಡಿಲಗೊಂಡಂತೆ ಕಡಿತ ಮತ್ತೆ ಏರಿತು. 2019ರಲ್ಲಿ ಇನ್ಪೆ ಸಂಸ್ಥೆಯ ಅಂಕಿಅಂಶಗಳು ಸುಳ್ಳೆಂದು ಆಗಿನ ಅಧ್ಯಕ್ಷ ಜೈರ್ ಬೊಲ್ಸೊನಾರೊ ಬಹಿರಂಗವಾಗಿ ಆಪಾದಿಸಿದರು. ಸಂಸ್ಥೆಯ ನಿರ್ದೇಶಕ, ಭೌತವಿಜ್ಞಾನಿ ರಿಕಾರ್ಡೊ ಗಾಲ್ವಾವೊ ಅದನ್ನು ಬಹಿರಂಗವಾಗಿಯೇ ಅಲ್ಲಗಳೆದರು. ಆಗಸ್ಟ್ ತಿಂಗಳಲ್ಲಿ ಅವರು ಹುದ್ದೆ ಕಳೆದುಕೊಂಡರು. ಉಪಗ್ರಹಗಳು ಮಾತ್ರ ಸುತ್ತುತ್ತಲೇ ಇದ್ದವು. 2021ರಲ್ಲಿ ನಷ್ಟ ಸುಮಾರು 13,000 ಚದರ ಕಿಲೋಮೀಟರ್ ಮುಟ್ಟಿತು. ಅದೇ ವರ್ಷದ ಫೆಬ್ರವರಿ 28ರಂದು, ಈ ಕಾಡನ್ನು ಕಾಯಲೆಂದೇ ಬ್ರೆಜಿಲ್ ತಾನೇ ನಿರ್ಮಿಸಿದ ಅಮೆಜೋನಿಯಾ-1 ಉಪಗ್ರಹವನ್ನು ನಮ್ಮ ಇಸ್ರೊ ಶ್ರೀಹರಿಕೋಟದಿಂದ ಹಾರಿಸಿತು.

2023ರಲ್ಲಿ ಸರ್ಕಾರ ಬದಲಾಗಿ ಮರೀನಾ ಸಿಲ್ವಾ ಮತ್ತೆ ಪರಿಸರ ಸಚಿವೆಯಾದರು. ಗಾಲ್ವಾವೊ ಅವರಿಗೂ ದೇಶದ ವಿಜ್ಞಾನ ಸಂಶೋಧನಾ ಮಂಡಳಿಯ ಹೊಣೆ ಲಭಿಸಿತು. 2024ರಲ್ಲಿ ಪ್ರೋಡೆಸ್ ಲೆಕ್ಕದ ನಷ್ಟ ಸುಮಾರು 6,300 ಚದರ ಕಿಲೋಮೀಟರಿಗೆ ಇಳಿಯಿತು. ಇತ್ತ 2025ರಲ್ಲಿ ಸೋಯಾ ಒಪ್ಪಂದವೇ ಕಾನೂನಿನ ವಿವಾದಕ್ಕೆ ಸಿಲುಕಿತು. ಈ ಏರಿಳಿತದ ಉದ್ದಕ್ಕೂ ಆಕಾಶದ ಕಣ್ಣು ತೆರೆದೇ ಇತ್ತು. ಬದಲಾದದ್ದು ಅದು ಕಂಡದ್ದನ್ನು ನಂಬಿ ನಡೆಯುವ ಮನುಷ್ಯರ ಮನಸ್ಸು.

ಐದು ದಶಕಗಳ ಈ ಇತಿಹಾಸ ನಮ್ಮ ಮುಂದಿಡುವ ಪಾಠ ಇದು. ಕಾಡಿನ ನಾಶಕ್ಕೆ ಬಡವನೊಬ್ಬನನ್ನೇ ಬೊಟ್ಟುಮಾಡಿ ಕೈತೊಳೆದುಕೊಳ್ಳುವ ಕಾಲ ಮುಗಿಯಿತು. ಕೊಡಲಿಯ ಹಿಂದೆ ರಸ್ತೆಯಿದೆ, ರಸ್ತೆಯ ಹಿಂದೆ ಸಾಲವಿದೆ, ಸಾಲದ ಹಿಂದೆ ಮಾರುಕಟ್ಟೆಯಿದೆ, ಮಾರುಕಟ್ಟೆಯ ತುದಿಯಲ್ಲಿ ಕೊಳ್ಳುವವರ ಮನೆಗಳಿವೆ. ಅವುಗಳಲ್ಲಿ ನಮ್ಮ ಮನೆಗಳೂ ಸೇರಿವೆ. ಚೀಕೊ ಮೆಂಡೆಸ್ ಮತ್ತು ಸಿಸ್ಟರ್ ಡೊರೊಥಿ ನೆಲದಲ್ಲಿ ನಿಂತು ಹೇಳಿದ್ದನ್ನೇ ಉಪಗ್ರಹ ಆಕಾಶದಿಂದ ಹೇಳಿತು. ಇಂದು ಯಾರೂ ನಮಗೆ ತಿಳಿದಿರಲಿಲ್ಲ ಎನ್ನುವಂತಿಲ್ಲ. ತಿಳಿದ ಮೇಲೆ ನಾವು ಏನನ್ನು ಕೊಳ್ಳುತ್ತೇವೆ, ಯಾರನ್ನು ಪ್ರಶ್ನಿಸುತ್ತೇವೆ, ಯಾರ ಪರವಾಗಿ ನಿಲ್ಲುತ್ತೇವೆ ಎಂಬುದಷ್ಟೇ ಉಳಿದಿರುವ ಪ್ರಶ್ನೆ.